ಎಲ್ಲ ಸೈಟ್ ತೆರೆಯುತ್ತವೆ, ಒಂದೆರಡು ಬಿಟ್ಟು: ಓದುಗರ ಪ್ರಶ್ನೆ, ನಮ್ಮ ಉತ್ತರ

ಇಂಟರ್ನೆಟ್ ಪೂರ್ತಿ ನಿಂತರೆ ಕಾರಣ ಬೇಗ ಸಿಗುತ್ತದೆ. ಹತ್ತು ಸೈಟ್ ತೆರೆದು ಎರಡು ಮಾತ್ರ ಹಠ ಹಿಡಿದರೆ ಹೆಚ್ಚಿನವರು ಸಿಕ್ಕಸಿಕ್ಕ ಸೆಟ್ಟಿಂಗ್ ಬದಲಿಸಿ ಇದ್ದದ್ದನ್ನೂ ಕೆಡಿಸಿಕೊಳ್ಳುತ್ತಾರೆ. ಈ ಬಾರಿ ಆಯ್ದ ಪ್ರಶ್ನೆಗಳೆಲ್ಲ ಈ ಬಗೆಯವು. ಕಂಪ್ಯೂಟರಿಗೆ ಕೊಡುವ ಆದೇಶಗಳನ್ನು (ಕಮಾಂಡ್) ಇಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚು ಮಾಡಿದ್ದೇವೆ. ಕಂಪ್ಯೂಟರಿನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಟೈಪ್ ಮಾಡಬೇಕು. ವಿಂಡೋಸ್‌ನ ಸ್ಟಾರ್ಟ್ ಮೆನುವಿನಲ್ಲಿ ಸಿಎಂಡಿ ಎಂದು ಹುಡುಕಿದರೆ ಕಮಾಂಡ್ ಪ್ರಾಂಪ್ಟ್ ಸಿಗುತ್ತದೆ.

ಪ್ರಶ್ನೆ: ಮನೆಯ ಡೆಸ್ಕ್‌ಟಾಪ್‌ನಲ್ಲಿ ಎರಡು ಸೈಟ್‌ಗಳು ತೆರೆಯುವುದೇ ಇಲ್ಲ. ಅದೇ ವೈಫೈನಲ್ಲಿರುವ ಮೊಬೈಲಿನಲ್ಲಿ ಸಲೀಸಾಗಿ ತೆರೆಯುತ್ತವೆ. ಬ್ರೌಸರ್ ತೆಗೆದು ಮತ್ತೆ ಹಾಕಿದರೂ ಅಷ್ಟೇ. ಎಲ್ಲಿಂದ ಹುಡುಕಬೇಕು?

ಉತ್ತರ: ಮೊದಲು ಒಂದು ಖಾತರಿ ಮಾಡಿಕೊಳ್ಳಿ. ಮೊಬೈಲಿನಲ್ಲಿ ನೋಡುವಾಗ ಮೊಬೈಲ್ ಡೇಟಾ ಆಫ್ ಆಗಿತ್ತೇ? ವೈಫೈ ಸರಿಯಿಲ್ಲ ಅನ್ನಿಸಿದರೆ ಕೆಲವು ಫೋನ್‌ಗಳು ಹೇಳದೆ ಕೇಳದೆ ಡೇಟಾಗೆ ಜಿಗಿಯುತ್ತವೆ. ಡೇಟಾ ಆಫ್ ಮಾಡಿದ ಮೇಲೂ ತೆರೆದರೆ ರೂಟರ್, ಲೈನ್, ಆ ಸೈಟ್ ಮೂರೂ ಬಹುಮಟ್ಟಿಗೆ ಸರಿಯಿವೆ. ದೋಷ ಡೆಸ್ಕ್‌ಟಾಪ್ ಒಳಗೇ ಇದೆ.

ಬ್ರೌಸರ್ ಒಂದು ಸೈಟ್ ತೆರೆಯಲು ನಾಲ್ಕು ಕೆಲಸ ಮಾಡುತ್ತದೆ: ಹೆಸರಿಗೆ ತಕ್ಕ ಐಪಿ ವಿಳಾಸವನ್ನು (ನೆಟ್‌ನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಡಿಎನ್‌ಎಸ್ ಸರ್ವರ್ ಎಂಬ ವಿಳಾಸ ಹುಡುಕಿಕೊಡುವ ಯಂತ್ರದಿಂದ ಕೇಳಿಕೊಳ್ಳುತ್ತದೆ, ಆ ವಿಳಾಸದ 443ನೇ ಪೋರ್ಟ್‌ಗೆ (ಸುರಕ್ಷಿತ ಪುಟಗಳಿಗೆ ಮೀಸಲಾದ ಬಾಗಿಲು) ಸಂಪರ್ಕ ಕಟ್ಟುತ್ತದೆ, ಸೈಟ್ ಅಸಲಿ ಎಂದು ತೋರಿಸುವ ಪ್ರಮಾಣಪತ್ರ ಪರಿಶೀಲಿಸುತ್ತದೆ, ಕೊನೆಗೆ ಪುಟ ಕೇಳುತ್ತದೆ. ಎಡವಿದ್ದು ಎಲ್ಲಿ ಎಂಬುದನ್ನು ಬ್ರೌಸರ್ ತೋರಿಸುವ ಸಂದೇಶವೇ ಹೇಳುತ್ತದೆ, ಆದರೆ ಅದರ ಕೊನೆಯ ಸಾಲಿನ ಸಣ್ಣ ಅಕ್ಷರಗಳನ್ನು ಯಾರೂ ಓದುವುದಿಲ್ಲ. ಕ್ರೋಮ್‌ನಲ್ಲಿ ‘ಡಿಎನ್‌ಎಸ್ ಪ್ರೋಬ್ ಫಿನಿಶ್ಡ್ ಎನ್‌ಎಕ್ಸ್‌ಡೊಮೇನ್’ ಅಂದರೆ ಹೆಸರಿಗೆ ವಿಳಾಸವೇ ಸಿಕ್ಕಿಲ್ಲ. ‘ಕನೆಕ್ಷನ್ ಟೈಮ್ಡ್ ಔಟ್’ ಅಂದರೆ ವಿಳಾಸ ಸಿಕ್ಕಿದೆ, ಆ ಕಡೆಯಿಂದ ಉತ್ತರವಿಲ್ಲ. ‘ಕನೆಕ್ಷನ್ ರಿಫ್ಯೂಸ್ಡ್’ ಅಂದರೆ ಆ ವಿಳಾಸದ ಯಂತ್ರ ಬೇಡವೆಂದಿದೆ; ಎಷ್ಟೋ ಸಲ ಆ ಯಂತ್ರ ನಿಮ್ಮದೇ ಕಂಪ್ಯೂಟರ್ ಆಗಿರುತ್ತದೆ, ಅದು ಹೇಗೆಂದು ಮುಂದೆ ಹೇಳುತ್ತೇವೆ. ‘ಸರ್ಟ್’ ಎಂಬ ಪದವಿರುವುದೆಲ್ಲ ಪ್ರಮಾಣಪತ್ರದ ತಕರಾರು.

ಸೈಟ್ ಅನ್ನು ಒಮ್ಮೆ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡಿ. ಅಲ್ಲಿ ಹಳೆಯ ಕುಕೀ (ಸೈಟ್ ಬ್ರೌಸರ್‌ನಲ್ಲಿ ಬಿಟ್ಟ ಸಣ್ಣ ಗುರುತು) ಇರುವುದಿಲ್ಲ, ಎಕ್ಸ್‌ಟೆನ್ಷನ್‌ಗಳೂ (ಬ್ರೌಸರ್‌ಗೆ ಸೇರಿಸಿಕೊಂಡ ಉಪಕರಣಗಳು) ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ತೆರೆದರೆ ದೋಷ ಅವೆರಡರಲ್ಲಿದೆ. ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್‌ಗಳನ್ನು ಒಂದೊಂದಾಗಿ ಆಫ್ ಮಾಡಿ, ಆ ಸೈಟಿನ ಕುಕೀಗಳನ್ನಷ್ಟೇ ಅಳಿಸಿ.

ತೆರೆಯದಿದ್ದರೆ ಕಮಾಂಡ್ ಪ್ರಾಂಪ್ಟ್‌ಗೆ ಹೋಗಿ ‘ಪಿಂಗ್’ (ಸಣ್ಣ ಸಂದೇಶ ಕಳಿಸಿ ಉತ್ತರಕ್ಕೆ ಕಾಯುವ ಆದೇಶ) ಎಂದು ಬರೆದು, ಜಾಗ ಬಿಟ್ಟು, ಸೈಟಿನ ಹೆಸರು ಕೊಡಿ. ಹೆಸರಿಗೆ ವಿಳಾಸ ಸಿಕ್ಕಿದ್ದರೆ, ಉತ್ತರ ಬರಲಿ ಬಿಡಲಿ, ಮೊದಲ ಸಾಲಿನಲ್ಲಿ ಒಂದು ಐಪಿ ವಿಳಾಸ ಕಾಣುತ್ತದೆ. ಬರೆದಿಟ್ಟುಕೊಳ್ಳಿ. ಆಮೇಲೆ ‘ಎನ್‌ಎಸ್‌ಲುಕಪ್’ ಜೊತೆ ಅದೇ ಹೆಸರು ಕೊಡಿ. ಇವೆರಡರ ನಡುವೆ ಇರುವ ವ್ಯತ್ಯಾಸವೇ ಇಲ್ಲಿ ನಮಗೆ ಬೇಕಾದದ್ದು: ಪಿಂಗ್ ಮೊದಲು ಕಂಪ್ಯೂಟರಿನ ಹೋಸ್ಟ್ಸ್ ಫೈಲನ್ನೂ (ಸೈಟಿನ ಹೆಸರಿಗೆ ವಿಳಾಸ ಬರೆದಿಡುವ ಫೈಲ್) ನೆನಪಿನಲ್ಲಿಟ್ಟುಕೊಂಡ ವಿಳಾಸಗಳನ್ನೂ ನೋಡುತ್ತದೆ, ಎನ್‌ಎಸ್‌ಲುಕಪ್ ಇವೆರಡನ್ನೂ ಬಿಟ್ಟು ನೇರವಾಗಿ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. ಎನ್‌ಎಸ್‌ಲುಕಪ್ ಸರಿಯಾದ ವಿಳಾಸ ಕೊಟ್ಟು ಪಿಂಗ್ 127.0.0.1 ಅಥವಾ 0.0.0.0 ತೋರಿಸಿದರೆ ಅಪರಾಧಿ ಹೋಸ್ಟ್ಸ್ ಫೈಲ್. 127.0.0.1 ಅಂದರೆ ‘ಇದೇ ಕಂಪ್ಯೂಟರ್’. ಸಂಪರ್ಕ ನಿರಾಕರಿಸಿದ ಯಂತ್ರ ನಿಮ್ಮದೇ ಎಂದದ್ದು ಇದಕ್ಕೇ.

ಆ ಫೈಲ್ ಇರುವುದು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ನಲ್ಲಿ: ಸಿಸ್ಟಮ್32, ಅದರೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ. ಹೆಸರು ಬರೀ ಹೋಸ್ಟ್ಸ್, ಹಿಂದೆ ಡಾಟ್ ಟಿಎಕ್ಸ್‌ಟಿ ಇಲ್ಲ. ನೋಟ್‌ಪ್ಯಾಡ್ ಮೇಲೆ ಬಲಗ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಆರಿಸಿ, ಆಮೇಲೆ ಒಳಗಿನಿಂದ ಫೈಲ್ ತೆರೆಯಿರಿ. ಇಲ್ಲವಾದರೆ ಸೇವ್ ಆಗುವುದಿಲ್ಲ. ತೆರೆಯುವಾಗ ‘ಆಲ್ ಫೈಲ್ಸ್’ ಆರಿಸದಿದ್ದರೆ ಫೈಲ್ ಕಾಣುವುದೇ ಇಲ್ಲ. ಹೊಸ ವಿಂಡೋಸ್‌ನಲ್ಲಿ ಇದರ ಸಾಲುಗಳೆಲ್ಲ # ಚಿಹ್ನೆಯಿಂದ ಶುರುವಾಗುತ್ತವೆ, ಅವುಗಳಿಗೆ ಬೆಲೆಯಿಲ್ಲ. # ಇಲ್ಲದ ಸಾಲಿನಲ್ಲಿ ನಿಮ್ಮ ಸೈಟಿನ ಹೆಸರಿದ್ದರೆ ಸಾಲಿನ ಮುಂದೆ # ಹಾಕಿ ಸೇವ್ ಮಾಡಿ, ನೆನಪಿನಲ್ಲಿರುವ ಹಳೆಯ ವಿಳಾಸಗಳನ್ನು ಅಳಿಸಲು ‘ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್’ ಆದೇಶ ಕೊಡಿ. ಅಳಿಸುವುದಕ್ಕಿಂತ # ಹಾಕುವುದು ಮೇಲು, ಬೇಕಾದರೆ ಹಿಂದಕ್ಕೆ ಬರಬಹುದು. ಆ್ಯಂಟಿವೈರಸ್ ಕಂಪನಿಗಳ ಸೈಟ್‌ಗಳನ್ನೇ ಹೀಗೆ ಮುಚ್ಚಿಟ್ಟಿದ್ದರೆ ಅದು ದುಷ್ಟ ತಂತ್ರಾಂಶದ ಕೈಚಳಕ. ಸಾಲು ತಿದ್ದಿದರೆ ಸಾಲದು, ಪೂರ್ತಿ ಸ್ಕ್ಯಾನ್ ಆಗಲೇಬೇಕು.

ಎನ್‌ಎಸ್‌ಲುಕಪ್‌ಗೂ ವಿಳಾಸ ಸಿಗದಿದ್ದರೆ ಅದೇ ಆದೇಶದ ಕೊನೆಗೆ ಜಾಗ ಬಿಟ್ಟು 1.1.1.1 ಅಥವಾ 8.8.8.8 ಸೇರಿಸಿ ಮತ್ತೆ ಕೇಳಿ. ಆಗ ಪ್ರಶ್ನೆ ಆ ಸರ್ವರಿಗೆ ಹೋಗುತ್ತದೆ. ಅಲ್ಲಿ ಸಿಕ್ಕರೆ ನೀವು ಬಳಸುತ್ತಿರುವ ಡಿಎನ್‌ಎಸ್ ಸರ್ವರ್ ಬದಲಿಸಿದರೆ ಕೆಲಸ ಮುಗಿಯಿತು. ಎರಡು ಸರ್ವರ್ ಬೇರೆ ಬೇರೆ ವಿಳಾಸ ಕೊಟ್ಟ ಮಾತ್ರಕ್ಕೆ ಗಾಬರಿ ಬೇಡ. ದೊಡ್ಡ ಸೈಟ್‌ಗಳು ಹಲವೆಡೆ ಸರ್ವರ್ ಇಟ್ಟಿರುತ್ತವೆ, ಕೇಳುವವರನ್ನು ನೋಡಿ ಹತ್ತಿರದ್ದನ್ನು ಕೊಡುತ್ತವೆ.

ಒಂದು ಬ್ರೌಸರ್‌ನಲ್ಲಿ ತೆರೆದು ಇನ್ನೊಂದರಲ್ಲಿ ತೆರೆಯದಿರುವುದೂ ಉಂಟು. ಈಗಿನ ಬ್ರೌಸರ್‌ಗಳಲ್ಲಿ ‘ಸೆಕ್ಯೂರ್ ಡಿಎನ್‌ಎಸ್’ ಎಂಬ ಆಯ್ಕೆ ಇದೆ. ಅದು ಆನ್ ಆಗಿದ್ದರೆ ಬ್ರೌಸರ್ ವಿಂಡೋಸ್ ಹೇಳಿದ ಸರ್ವರನ್ನು ಬಿಟ್ಟು ತನಗೆ ಗೊತ್ತಿರುವ ಸರ್ವರನ್ನೇ ಕೇಳಬಹುದು.

ಪ್ರಾಕ್ಸಿಯನ್ನೂ (ನಿಮ್ಮ ಪರವಾಗಿ ಸೈಟ್ ತರಿಸಿಕೊಡುವ ನಡುವಿನ ಸರ್ವರ್) ನೋಡಿ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ವಿಭಾಗದ ಪ್ರಾಕ್ಸಿ ಪುಟದಲ್ಲಿ ‘ಯೂಸ್ ಸೆಟಪ್ ಸ್ಕ್ರಿಪ್ಟ್’ ಆನ್ ಆಗಿದ್ದು, ನೀವು ಅಥವಾ ನಿಮ್ಮ ಕಚೇರಿ ಅದನ್ನು ಹಾಕಿರದಿದ್ದರೆ ಆಫ್ ಮಾಡಿ. ಯಾವ ಸೈಟ್ ನೇರ ಹೋಗಬೇಕು, ಯಾವುದು ಪ್ರಾಕ್ಸಿ ಮೂಲಕ ಎಂದು ಆರಿಸುವುದೇ ಆ ಸ್ಕ್ರಿಪ್ಟ್‌ನ ಕೆಲಸ. ಪ್ರಾಕ್ಸಿ ಸತ್ತಿದ್ದರೆ ಅದರ ಪಟ್ಟಿಯಲ್ಲಿರುವ ಸೈಟ್‌ಗಳಷ್ಟೇ ನಿಲ್ಲುತ್ತವೆ.

ಪ್ರಶ್ನೆ: ಇಂಟರ್ನೆಟ್ ಸಂಪರ್ಕ ಬದಲಿಸಿದ ಮೇಲೆ ಕೆಲವು ಸೈಟ್‌ಗಳು ಅರ್ಧ ತೆರೆದು ನಿಲ್ಲುತ್ತವೆ. ಲಾಗಿನ್ ಪುಟ ಸುಮ್ಮನೆ ಸುತ್ತುತ್ತಿರುತ್ತದೆ. ಪಿಂಗ್ ಮಾಡಿದರೆ ಮಾತ್ರ ಚೆನ್ನಾಗಿಯೇ ಉತ್ತರ ಬರುತ್ತದೆ. ಡಿಎನ್‌ಎಸ್ ಬದಲಿಸಿದರೂ ಪ್ರಯೋಜನವಾಗಿಲ್ಲ. ಈ ಸಂಪರ್ಕಕ್ಕೆ ರೂಟರಿನಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಕೊಡಬೇಕು.

ಉತ್ತರ: ನಿಮ್ಮ ಕೊನೆಯ ಸಾಲು ಬಹಳ ಉಪಕಾರದ್ದು. ಯೂಸರ್‌ನೇಮ್ ಕೇಳುವ ಸಂಪರ್ಕ ಹೆಚ್ಚಾಗಿ ಪಿಪಿಪಿಒಇ (ಲಾಗಿನ್ ಆದ ಮೇಲೆ ಇಂಟರ್ನೆಟ್ ಕೊಡುವ ವಿಧಾನ) ಬಗೆಯದು, ಮತ್ತು ನೀವು ವಿವರಿಸಿದ್ದು ಎಂಟಿಯು ತೊಂದರೆಯ ಲಕ್ಷಣ. ಒಂದು ಪ್ಯಾಕೆಟ್, ಅಂದರೆ ನೆಟ್‌ನಲ್ಲಿ ಒಮ್ಮೆಗೆ ಹೋಗುವ ಮಾಹಿತಿಯ ಕಟ್ಟು, ಎಷ್ಟು ದೊಡ್ಡದಿರಬಹುದು ಎಂಬ ಮಿತಿಯೇ ಎಂಟಿಯು. ಈಥರ್‌ನೆಟ್‌ನಲ್ಲಿ (ಮಾಮೂಲಿ ಕೇಬಲ್ ಜಾಲ) ಅದು 1500 ಬೈಟ್. ಪಿಪಿಪಿಒಇ ತನ್ನ ಲೆಕ್ಕಕ್ಕೆ 8 ಬೈಟ್ ತೆಗೆದುಕೊಳ್ಳುವುದರಿಂದ ಉಳಿಯುವುದು 1492.

ಎಂಟು ಬೈಟ್‌ಗೆ ಇಷ್ಟು ರಗಳೆಯೇ ಎಂದರೆ, ಹೌದು. ದೊಡ್ಡ ಮಂಚ ಬಾಗಿಲಲ್ಲಿ ಸಿಕ್ಕಿಕೊಳ್ಳಲು ಒಂದಂಗುಲ ಸಾಕು. ಸರ್ವರ್ 1500 ಬೈಟಿನ ಪ್ಯಾಕೆಟ್ ಕಳಿಸುತ್ತದೆ, ಅದರ ಮೇಲೆ ‘ತುಂಡು ಮಾಡಬೇಡಿ’ ಎಂಬ ಗುರುತಿರುತ್ತದೆ. ದಾರಿಯಲ್ಲಿ ಕಿರಿದಾದ ಜಾಗ ಬಂದಾಗ ಅಲ್ಲಿನ ರೂಟರ್ ಪ್ಯಾಕೆಟ್ ಬಿಸಾಡಿ, ‘ಚಿಕ್ಕದು ಕಳಿಸು’ ಎಂದು ಐಸಿಎಂಪಿ ಸಂದೇಶದಲ್ಲಿ (ಜಾಲದ ತೊಂದರೆ ತಿಳಿಸುವ ಸಂದೇಶ; ಪಿಂಗ್ ಬಳಸುವುದೂ ಇದನ್ನೇ) ಹೇಳಿ ಕಳಿಸುತ್ತದೆ. ಸಂದೇಶ ತಲುಪಿದರೆ ಸರ್ವರ್ ಗಾತ್ರ ಇಳಿಸುತ್ತದೆ, ನಿಮಗೆ ಏನೂ ಗೊತ್ತಾಗುವುದಿಲ್ಲ. ಕೆಲವು ಸೈಟ್‌ಗಳ ಫೈರ್‌ವಾಲ್ ಐಸಿಎಂಪಿಯನ್ನೆಲ್ಲ ತಡೆದುಬಿಡುತ್ತದೆ. ಆ ಸರ್ವರ್ ಅದೇ ದೊಡ್ಡ ಪ್ಯಾಕೆಟ್ ಮತ್ತೆ ಮತ್ತೆ ಕಳಿಸುತ್ತದೆ, ಅದು ಮತ್ತೆ ಮತ್ತೆ ಬಿದ್ದುಹೋಗುತ್ತದೆ. ಕೆಲವು ಸೈಟ್ ಮಾತ್ರ ಕೆಡುವುದು ಇದರಿಂದ. ಪಿಂಗ್ ಸರಿಯಿರುವುದಕ್ಕೂ ಇದೇ ಕಾರಣ: ವಿಂಡೋಸ್‌ನ ಮಾಮೂಲಿ ಪಿಂಗ್ ಹೊರುವುದು 32 ಬೈಟ್ ಮಾತ್ರ. ಪ್ರಮಾಣಪತ್ರಗಳು ಹಲವು ಸಾವಿರ ಬೈಟ್ ಇರುವುದರಿಂದ ಲಾಗಿನ್ ಪುಟ ಸುರಕ್ಷಿತ ಸಂಪರ್ಕದ ಹಂತದಲ್ಲೇ ನಿಂತುಬಿಡುತ್ತದೆ. ಅರ್ಧ ತೆರೆಯುವ ಪುಟಗಳು ಚಿತ್ರಗಳನ್ನು ಬೇರೆ ಸರ್ವರ್‌ನಿಂದ ತರಿಸಿಕೊಳ್ಳುವಂಥವು.

ಅಳೆಯುವುದು ಹೀಗೆ. ಪಿಂಗ್‌ಗೆ ಉತ್ತರಿಸುವ ಯಾವುದಾದರೂ ಸೈಟ್ ಆರಿಸಿ. ‘ಪಿಂಗ್ -ಎಫ್ -ಎಲ್ 1472’ ಎಂದು ಬರೆದು ಅದರ ಹೆಸರು ಕೊಡಿ. -ಎಫ್ ಅಂದರೆ ತುಂಡು ಮಾಡಬೇಡ, -ಎಲ್ ಅಂದರೆ ಗಾತ್ರ. 1472ಕ್ಕೆ ಐಪಿ ಮತ್ತು ಐಸಿಎಂಪಿ ತಲೆಬರಹದ 28 ಸೇರಿ 1500 ಆಗುತ್ತದೆ. ‘ಪ್ಯಾಕೆಟ್ ನೀಡ್ಸ್ ಟು ಬಿ ಫ್ರಾಗ್ಮೆಂಟೆಡ್’ ಎಂದು ಬಂದರೆ, ಅಥವಾ ಸದ್ದಿಲ್ಲದೆ ಟೈಮ್ ಔಟ್ ಆದರೆ, 1464 ಕೊಟ್ಟು ನೋಡಿ. ಅದು ಹೋದರೆ ನಿಮ್ಮ ಎಂಟಿಯು 1492. ಅದೂ ಹೋಗದಿದ್ದರೆ ಹತ್ತತ್ತು ಇಳಿಸುತ್ತ ಹೋಗಿ. ಹೋದ ಅತಿ ದೊಡ್ಡ ಸಂಖ್ಯೆಗೆ 28 ಕೂಡಿಸಿದರೆ ಬೇಕಾದ ಬೆಲೆ. ಲಿನಕ್ಸ್‌ನಲ್ಲಿ ಇದೇ ಆದೇಶ ‘ಪಿಂಗ್ -ಎಂ ಡು -ಎಸ್ 1472’. ಅಲ್ಲಿ ಎಂ ಮಾತ್ರ ದೊಡ್ಡಕ್ಷರ.

ಸರಿಪಡಿಸಬೇಕಾದ ಜಾಗ ರೂಟರ್. ಅದರ ವ್ಯಾನ್ ಪುಟದಲ್ಲಿ (ಹೊರಗಿನ ಇಂಟರ್ನೆಟ್ ಸಂಪರ್ಕದ ಸೆಟ್ಟಿಂಗ್) ಎಂಟಿಯು 1492 ಎಂದು ಬರೆಯಿರಿ. ‘ಎಂಎಸ್‌ಎಸ್ ಕ್ಲ್ಯಾಂಪಿಂಗ್’ (ಚಿಕ್ಕ ಪ್ಯಾಕೆಟ್ ಕಳಿಸುವಂತೆ ಸರ್ವರಿಗೆ ಮೊದಲೇ ತಿಳಿಸುವುದು) ಎಂಬ ಆಯ್ಕೆ ಇದ್ದರೆ ಆನ್ ಮಾಡಿ, ಸಂಖ್ಯೆ ಕೇಳಿದರೆ 1452 ಕೊಡಿ. ಒಂದೇ ಸಲಕ್ಕೆ ಮನೆಯ ಎಲ್ಲ ಸಾಧನ ಸರಿಹೋಗುತ್ತದೆ. ರೂಟರ್ ಬೇರೆಯವರ ಹಿಡಿತದಲ್ಲಿದ್ದರೆ ಮಾತ್ರ ಕಂಪ್ಯೂಟರಿನಲ್ಲಿ ಮಾಡಿ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ನೆಟ್‌ಎಸ್‌ಎಚ್ ಇಂಟರ್‌ಫೇಸ್ ಐಪಿವಿ4 ಶೋ ಸಬ್‌ಇಂಟರ್‌ಫೇಸಸ್’ ಕೊಟ್ಟರೆ ನೆಟ್‌ವರ್ಕ್ ಕಾರ್ಡ್‌ಗಳ ಹೆಸರೂ ಈಗಿನ ಎಂಟಿಯು ಕೂಡ ಕಾಣುತ್ತದೆ. ಆಮೇಲೆ ‘ನೆಟ್‌ಎಸ್‌ಎಚ್ ಇಂಟರ್‌ಫೇಸ್ ಐಪಿವಿ4 ಸೆಟ್ ಸಬ್‌ಇಂಟರ್‌ಫೇಸ್’ ಎಂದು ಬರೆದು, ಉದ್ಧರಣ ಚಿಹ್ನೆಯೊಳಗೆ ಕಾರ್ಡಿನ ಹೆಸರು, ಮುಂದೆ ‘ಎಂಟಿಯು=1492 ಸ್ಟೋರ್=ಪರ್ಸಿಸ್ಟೆಂಟ್’. ಸಂಪರ್ಕ ಕಟ್ಟುವಾಗಲೇ ನಿಮ್ಮ ಕಂಪ್ಯೂಟರ್ ತನಗೆ ಹಿಡಿಸುವ ಗಾತ್ರ ಎಷ್ಟೆಂದು ಸರ್ವರಿಗೆ ತಿಳಿಸುತ್ತದೆ, ಹಾಗಾಗಿ ಇಲ್ಲಿ ಇಳಿಸಿದರೆ ಆ ಕಡೆಯಿಂದ ಬರುವುದೂ ಚಿಕ್ಕದಾಗುತ್ತದೆ. ವಿಪಿಎನ್ (ಸಂಪರ್ಕವನ್ನು ಇನ್ನೊಂದು ಸರ್ವರ್ ಮೂಲಕ ಒಯ್ಯುವ ತಂತ್ರಾಂಶ) ಹಾಕಿದಾಗ ಮಾತ್ರ ಕೆಲವು ಸೈಟ್ ನಿಲ್ಲುತ್ತವೆ ಎಂದು ಬರೆದ ಓದುಗರಿಗೂ ಇದೇ ಅಳತೆ, ಇದೇ ಪರಿಹಾರ.

ಪ್ರಶ್ನೆ: ಹಳೆಯ ಕಂಪ್ಯೂಟರ್. ಬೆಳಿಗ್ಗೆ ಆನ್ ಮಾಡಿದಾಗ ಹಲವು ಸೈಟ್‌ಗಳು ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಎನ್ನುತ್ತವೆ, ಕೆಲವು ತೆರೆಯುತ್ತವೆ. ಮುಂದುವರಿಯಿರಿ ಎಂಬ ಗುಂಡಿ ಒತ್ತಬಹುದೇ?

ಉತ್ತರ: ಒತ್ತಬೇಡಿ. ಪಾಸ್‌ವರ್ಡ್ ಕೇಳುವ ಸೈಟ್‌ನಲ್ಲಂತೂ ಖಂಡಿತ ಬೇಡ. ಪರದೆಯ ಮೂಲೆಯ ಗಡಿಯಾರ ನೋಡಿ. ತಾರೀಖು ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ ಸೆಲ್ ಮುಗಿದಿದೆ. ಪ್ರತಿ ಪ್ರಮಾಣಪತ್ರಕ್ಕೂ ಶುರುವಿನ ದಿನ, ಮುಗಿಯುವ ದಿನ ಇರುತ್ತದೆ. ನಿಮ್ಮ ಗಡಿಯಾರ ಶುರುವಿನ ದಿನಕ್ಕಿಂತ ಹಿಂದಿದ್ದರೆ ಬ್ರೌಸರ್ ಅದನ್ನು ಒಪ್ಪುವುದಿಲ್ಲ. ಗಡಿಯಾರ ಕೆಲವೇ ದಿನ ಹಿಂದಿದ್ದರೆ ಇತ್ತೀಚೆಗೆ ಪ್ರಮಾಣಪತ್ರ ನವೀಕರಿಸಿದ ಸೈಟ್‌ಗಳು ಮಾತ್ರ ನಿಲ್ಲುತ್ತವೆ. ಉಚಿತವಾಗಿ ಪ್ರಮಾಣಪತ್ರ ಕೊಡುವ, ಬಹಳಷ್ಟು ಸೈಟ್‌ಗಳು ಬಳಸುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಪ್ರಮಾಣಪತ್ರಗಳು ಮಾಮೂಲಾಗಿ 90 ದಿನದವು. ಉಳಿದವಕ್ಕೆ 2020ರ ಸೆಪ್ಟೆಂಬರ್‌ನಿಂದ 398 ದಿನ, 2026ರ ಮಾರ್ಚ್‌ನಿಂದ 200 ದಿನ ಗರಿಷ್ಠ ಮಿತಿ. ಗಡಿಯಾರದ ಸಣ್ಣ ತಪ್ಪೂ ಮುಂದೆ ಬೇಗ ಕಾಣಿಸಿಕೊಳ್ಳುತ್ತದೆ.

ಮೊದಲು ತಾರೀಖು, ಸಮಯ, ಟೈಮ್ ಝೋನ್ ಮೂರನ್ನೂ ಕೈಯಿಂದ ಸರಿಮಾಡಿ, ಆಮೇಲೆ ‘ಸಿಂಕ್ ನೌ’ ಒತ್ತಿ. ಗಡಿಯಾರ ದಿನಗಟ್ಟಲೆ ತಪ್ಪಿದ್ದರೆ ವಿಂಡೋಸ್ ತಾನಾಗಿ ಹೊಂದಿಸಿಕೊಳ್ಳಲು ಒಪ್ಪದೇ ಇರಬಹುದು. ಸೆಲ್ ಹೆಚ್ಚಾಗಿ ಸಿಆರ್2032: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಬದಲಿಸುವ ಮುಂಚೆ ಬಯೋಸ್ ಪುಟಗಳ (ವಿಂಡೋಸ್‌ಗೂ ಮುಂಚೆ ತೆರೆಯುವ ಯಂತ್ರದ ಸೆಟ್ಟಿಂಗ್) ಫೋಟೋ ತೆಗೆದಿಟ್ಟುಕೊಳ್ಳಿ. ಸೆಲ್ ತೆಗೆದಾಗ ಆ ಸೆಟ್ಟಿಂಗ್‌ಗಳು ಅಳಿಸಿಹೋಗಬಹುದು, ಡಿಸ್ಕ್ ಜೊತೆ ಮಾತಾಡುವ ಬಗೆಯಾದ ಸಾಟಾ ಮೋಡ್ ಬದಲಾದರೆ ವಿಂಡೋಸ್ ಏಳದೆ ಇರಬಹುದು. ಪವರ್ ಕೇಬಲ್ ಕಿತ್ತು, ಸೆಲ್ಲಿನ + ಮುಖ ಮೇಲೆ ಬರುವಂತೆ ಕೂರಿಸಿ.

ಗಡಿಯಾರ ಸರಿಯಿದ್ದೂ ತಕರಾರು ಉಳಿದರೆ ಆಪರೇಟಿಂಗ್ ಸಿಸ್ಟಮ್ ಹಳೆಯದಾಗಿರಬಹುದು. ಲೆಟ್ಸ್ ಎನ್‌ಕ್ರಿಪ್ಟ್ ಹಿಂದೆ ನೆಚ್ಚಿಕೊಂಡಿದ್ದ ಒಂದು ಮೂಲ ಪ್ರಮಾಣಪತ್ರದ (ಉಳಿದ ಪ್ರಮಾಣಪತ್ರಗಳನ್ನು ನಂಬಲು ಆಧಾರವಾದದ್ದು) ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಹೊಸ ಮೂಲ ಸಿಕ್ಕಿರದ ಯಂತ್ರಗಳಲ್ಲಿ ಅಂಥ ಸೈಟ್‌ಗಳಷ್ಟೇ ನಿಂತವು. ವಿಂಡೋಸ್ 7ಕ್ಕೆ ಕ್ರೋಮ್‌ನ ಕೊನೆಯ ಆವೃತ್ತಿ 109. ಫೈರ್‌ಫಾಕ್ಸ್ ತನ್ನದೇ ಮೂಲ ಪ್ರಮಾಣಪತ್ರಗಳ ಪಟ್ಟಿ ಇಟ್ಟುಕೊಂಡಿರುವುದರಿಂದ ಇಂಥ ಯಂತ್ರದಲ್ಲಿ ಅದರ 115ನೇ ಇಎಸ್‌ಆರ್ (ದೀರ್ಘಕಾಲ ಬೆಂಬಲಿಸುವ) ಆವೃತ್ತಿಯನ್ನು ಹಾಕಿ ನೋಡಬಹುದು. ಇದು ತಾತ್ಕಾಲಿಕ; ಹಣದ ವ್ಯವಹಾರಕ್ಕೆ ಆ ಯಂತ್ರ ಬೇಡ.

ಪ್ರಶ್ನೆ: ಸೈಟಿನವರೆಗಿನ ದಾರಿಯ ರೂಟರ್‌ಗಳನ್ನು ಸಾಲಾಗಿ ತೋರಿಸುವ ಟ್ರೇಸ್‌ಆರ್‌ಟಿ ಆದೇಶ ಕೊಟ್ಟರೆ ನಡುವೆ ನಕ್ಷತ್ರ ಚಿಹ್ನೆಗಳು ಬರುತ್ತವೆ. ಅಲ್ಲೇ ಲೈನ್ ಕಡಿದಿದೆಯೇ?

ಉತ್ತರ: ಅದರ ಮುಂದಿನ ಸಾಲುಗಳಲ್ಲಿ ವಿಳಾಸ ಕಾಣುತ್ತಿದ್ದರೆ ಕಡಿದಿಲ್ಲ. ಎಷ್ಟೋ ರೂಟರ್‌ಗಳು ದಾರಿ ಬಿಡುತ್ತವೆ, ಉತ್ತರ ಮಾತ್ರ ಕೊಡುವುದಿಲ್ಲ. ಕೊನೆಯವರೆಗೂ ನಕ್ಷತ್ರಗಳೇ ಇದ್ದರೂ ಸೈಟ್ ತೆರೆಯಬಹುದು. ಖಚಿತವಾಗಿ ತಿಳಿಯಲು ಪವರ್‌ಶೆಲ್‌ನಲ್ಲಿ (ವಿಂಡೋಸ್‌ನ ಇನ್ನೊಂದು ಆದೇಶ ಕಿಟಕಿ) ‘ಟೆಸ್ಟ್-ನೆಟ್‌ಕನೆಕ್ಷನ್’, ಸೈಟಿನ ಹೆಸರು, ‘-ಪೋರ್ಟ್ 443’ ಕೊಡಿ. ಕೊನೆಗೆ ‘ಟ್ರೂ’ ಬಂದರೆ ಬಾಗಿಲು ತೆರೆದಿದೆ.

ಪ್ರಶ್ನೆ: ಪ್ರಿಂಟರ್ ಹುಡುಕಿಕೊಳ್ಳಲೆಂದು ಕಂಪ್ಯೂಟರಿಗೆ ಐಪಿ ವಿಳಾಸವನ್ನು ಕೈಯಿಂದ ಕೊಟ್ಟೆ: 192.168.1.20. ಅಂದಿನಿಂದ ಕೆಲವೇ ಕೆಲವು ಸೈಟ್ ತೆರೆಯುತ್ತಿಲ್ಲ. ಪಿಂಗ್ ಮಾಡಿದರೆ ನನ್ನದೇ ವಿಳಾಸದಿಂದ ‘ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್’ ಎಂದು ಬರುತ್ತದೆ.

ಉತ್ತರ: ಯಾವ ವಿಳಾಸಗಳು ಮನೆಯ ನೆಟ್‌ವರ್ಕ್‌ನವು ಎಂದು ಕಂಪ್ಯೂಟರಿಗೆ ಹೇಳುವ ಸಬ್‌ನೆಟ್ ಮಾಸ್ಕ್ ನೋಡಿ. 255.0.0.0 ಎಂದಿರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ 192ರಿಂದ ಶುರುವಾಗುವ ಜಗತ್ತಿನ ಎಲ್ಲ ವಿಳಾಸವೂ ಮನೆಯೊಳಗೇ ಇದೆ ಎಂದು ಕಂಪ್ಯೂಟರ್ ತಿಳಿಯುತ್ತದೆ, ಪ್ಯಾಕೆಟ್ಟನ್ನು ರೂಟರಿಗೆ ಕೊಡದೆ ಮನೆಯ ನೆಟ್‌ವರ್ಕ್‌ನಲ್ಲೇ ಹುಡುಕುತ್ತದೆ. ಸಿಗದಿದ್ದಾಗ ತಾನೇ ‘ತಲುಪಲಾಗಲಿಲ್ಲ’ ಎನ್ನುತ್ತದೆ. ಗಿಟ್‌ಹಬ್, ವರ್ಡ್‌ಪ್ರೆಸ್ ಡಾಟ್ ಕಾಮ್‌ನಂಥ ಸೇವೆಗಳ ಕೆಲವು ವಿಳಾಸಗಳು 192ರಲ್ಲೇ ಇವೆ. ಮಾಸ್ಕ್ 255.255.255.0 ಮಾಡಿ. ವಿಂಡೋಸ್ ‘ಸಬ್‌ನೆಟ್ ಪ್ರಿಫಿಕ್ಸ್ ಲೆಂತ್’ ಕೇಳಿದರೆ 24 ಬರೆಯಿರಿ, 8 ಅಲ್ಲ.

ನೆಟ್‌ವರ್ಕ್ ನೀವೇ ಕಟ್ಟುವುದಾದರೆ ಮನೆಯೊಳಗಿನ ಬಳಕೆಗೆ ಬಿಟ್ಟಿರುವ ವಿಳಾಸಗಳು ಮೂರು ಗುಂಪು ಮಾತ್ರ: 10ರಿಂದ ಶುರುವಾಗುವವು, 172.16ರಿಂದ 172.31ರವರೆಗಿನವು, 192.168ರವು. 172.50 ಎಂದು ಕೊಟ್ಟರೆ ಅದು ಹೊರಗಿನ ಯಾರದೋ ವಿಳಾಸ. ಅವರ ಸೈಟ್ ನಿಮಗೆ ಎಂದೂ ತೆರೆಯದು. ಇನ್ನು ಪ್ರಿಂಟರ್ ಒಂದೇ ಕಾರಣವಾದರೆ ಕಂಪ್ಯೂಟರನ್ನು ಆಟೋಮ್ಯಾಟಿಕ್‌ಗೆ ಬಿಟ್ಟು, ರೂಟರಿನಲ್ಲಿ ಪ್ರಿಂಟರಿಗೆ ‘ಅಡ್ರೆಸ್ ರಿಸರ್ವೇಷನ್’ (ಸದಾ ಒಂದೇ ವಿಳಾಸ ಕಾದಿರಿಸುವುದು) ಮಾಡುವುದೇ ಒಳ್ಳೆಯ ದಾರಿ.

ಪ್ರಶ್ನೆ: ಐಪಿವಿ6 (ಹಳೆಯ ಐಪಿವಿ4 ಜೊತೆ ಬಳಕೆಯಲ್ಲಿರುವ ಹೊಸ ಬಗೆಯ ಐಪಿ ವಿಳಾಸ) ಆಫ್ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಪರೀಕ್ಷೆಗಾಗಿ ಐದು ನಿಮಿಷ ಆಫ್ ಮಾಡಿ ನೋಡಬಹುದು, ಹಾಗೇ ಬಿಡಬೇಡಿ. ‘ಪಿಂಗ್ -4’ ಮತ್ತು ‘ಪಿಂಗ್ -6’ ಎರಡನ್ನೂ ಅದೇ ಸೈಟಿಗೆ ಕೊಟ್ಟು ಹೋಲಿಸಿ. ‘-6’ ಮಾತ್ರ ಸೋತರೆ ರೂಟರ್ ಮನೆಯೊಳಗೆ ಐಪಿವಿ6 ಹಂಚುತ್ತಿದೆ, ಹೊರಗೆ ದಾರಿ ಇಲ್ಲ ಎಂದು ಅನುಮಾನಿಸಬೇಕು. ಈಗಿನ ಬ್ರೌಸರ್‌ಗಳು ಐಪಿವಿ6 ಸಂಪರ್ಕ ಕಟ್ಟಲಾಗದಿದ್ದರೆ ಕಾಲು ಸೆಕೆಂಡಿನ ಆಸುಪಾಸಿನಲ್ಲೇ ಐಪಿವಿ4 ಪ್ರಯತ್ನಿಸುತ್ತವೆ. ಹಳೆಯ ತಂತ್ರಾಂಶಗಳು ಸುಮಾರು 20 ಸೆಕೆಂಡ್ ಕಾದು ಕೂರುತ್ತವೆ. ಸಂಪರ್ಕ ಕಟ್ಟಿಕೊಂಡು ಆಮೇಲೆ ದೊಡ್ಡ ಪ್ಯಾಕೆಟ್‌ಗಳು ಬಿದ್ದುಹೋದರೆ ಬ್ರೌಸರ್‌ನ ಈ ಜಾಣತನವೂ ಸಾಲದು, ಆಗ ಮೇಲಿನ ಎಂಟಿಯು ಉತ್ತರಕ್ಕೇ ಹೋಗಿ. ರೂಟರಿನ ಫರ್ಮ್‌ವೇರ್ ನವೀಕರಿಸಿ, ಐಪಿವಿ6 ಸೆಟ್ಟಿಂಗನ್ನು ಸಂಪರ್ಕ ಕೊಟ್ಟವರು ಹೇಳಿದಂತೆ ಇಡಿ.

ಪ್ರಶ್ನೆ: ಒಂದು ಸೈಟ್ ‘403 ಫರ್ಬಿಡನ್’ ಎನ್ನುತ್ತದೆ. ಮೊಬೈಲ್ ಡೇಟಾದಲ್ಲಿ ಸರಿಯಿದೆ. ವಿಂಡೋಸ್‌ನ ನೆಟ್‌ವರ್ಕ್ ವ್ಯವಸ್ಥೆಯನ್ನು ಮೊದಲ ಸ್ಥಿತಿಗೆ ತರುವ ‘ನೆಟ್‌ಎಸ್‌ಎಚ್ ವಿನ್‌ಸಾಕ್ ರಿಸೆಟ್’ ಆದೇಶ ಕೊಡಲೇ?

ಉತ್ತರ: ಬೇಡ, ಅದರಿಂದ ಇಲ್ಲಿ ಏನೂ ಆಗದು. 403 ಬಂದಿದೆ ಎಂದರೆ ನೀವು ಸರ್ವರ್ ತಲುಪಿದ್ದೀರಿ, ಅದು ಓದಿ ಉತ್ತರಿಸಿದೆ. ವಿಪಿಎನ್ ಇದ್ದರೆ ಆಫ್ ಮಾಡಿ, ಆ ಸೈಟಿನ ಕುಕೀ ಅಳಿಸಿ. ಆಮೇಲೂ ಬಂದರೆ ನಿಮ್ಮ ಸಾರ್ವಜನಿಕ ಐಪಿ ವಿಳಾಸವನ್ನು (ಹೊರಗಿನ ಸೈಟ್‌ಗಳಿಗೆ ಕಾಣುವ ವಿಳಾಸ) ಆ ಸೈಟ್ ತಡೆದಿರಬಹುದು. ರೂಟರಿನ ವ್ಯಾನ್ ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ಹಲವು ಮನೆಗಳು ಒಂದೇ ಸಾರ್ವಜನಿಕ ವಿಳಾಸ ಹಂಚಿಕೊಂಡಿವೆ. ಯಾರೋ ಮಾಡಿದ ಉಪಟಳಕ್ಕೆ ನಿಮಗೆ ಬಾಗಿಲು ಮುಚ್ಚಿರುತ್ತದೆ. ಅದನ್ನು ತೆಗೆಸಬೇಕಾದವರು ಸೈಟಿನವರು ಅಥವಾ ಸಂಪರ್ಕ ಕೊಡುವವರು.

ವಿನ್‌ಸಾಕ್ ರಿಸೆಟ್‌ಗೆ ಅದರದೇ ಜಾಗವಿದೆ: ಆ್ಯಂಟಿವೈರಸ್ ಅಥವಾ ವಿಪಿಎನ್ ತೆಗೆದ ಮೇಲೆ ಸಂಪರ್ಕ ಕೆಟ್ಟಾಗ. ಅಡ್ಮಿನಿಸ್ಟ್ರೇಟರ್ ಆಗಿ ಕೊಟ್ಟು ಕಂಪ್ಯೂಟರ್ ರೀಸ್ಟಾರ್ಟ್ ಮಾಡಬೇಕು. ಮೊದಲೇ ಅದನ್ನು ಮಾಡಿಬಿಟ್ಟರೆ ಕಾರಣ ತಿಳಿಯದೆ ಉಳಿಯುತ್ತದೆ.

ಸಂಪರ್ಕ ಕೊಡುವವರಿಗೆ ದೂರು ಕೊಡುವಾಗ ‘ಸೈಟ್ ಬರ್ತಿಲ್ಲ’ ಎಂದಷ್ಟೇ ಹೇಳಿದರೆ ರೂಟರ್ ಆಫ್ ಮಾಡಿ ಆನ್ ಮಾಡಿ ಎಂಬ ಉತ್ತರ ಬರುತ್ತದೆ. ಸೈಟಿನ ಹೆಸರು, ಎನ್‌ಎಸ್‌ಲುಕಪ್ ಕೊಟ್ಟ ವಿಳಾಸ, ನಿಮ್ಮ ಸಾರ್ವಜನಿಕ ಐಪಿ, ಬ್ರೌಸರ್ ತೋರಿಸಿದ ದೋಷದ ಪೂರ್ತಿ ಸಾಲು, ಪರೀಕ್ಷಿಸಿದ ಸಮಯ, ಮತ್ತು ಮೊಬೈಲ್ ಡೇಟಾದಲ್ಲಿ ತೆರೆದಿದೆಯೇ ಎಂಬುದು, ಇವನ್ನು ಬರೆದುಕೊಡಿ. ಇಷ್ಟಿದ್ದರೆ ದೂರು ನೆಟ್‌ವರ್ಕ್ ನೋಡಿಕೊಳ್ಳುವ ತಂತ್ರಜ್ಞರ ಕೈಗೆ ಹೋಗಲು ದಾರಿಯಾಗುತ್ತದೆ.